ತಟ್ಟೆಯ ಬೆನ್ನಿನ ಹೆಸರು

ಮೂವತ್ತೊಂದು ವರ್ಷ ಪಿಂಗಾಣಿಯ ಮೇಲೆ ಗೆರೆ ಎಳೆದ ಫೆರ್ಹುಂದೆಯ ಹೆಸರು ಒಂದು ತಟ್ಟೆಯ ಬೆನ್ನಿನಲ್ಲೂ ಇರಲಿಲ್ಲ. ಟರ್ಕಿಯ ಕುತಾಹ್ಯದ ಆ ಕಾರ್ಖಾನೆಯಲ್ಲಿ ಗೆರೆ ಎಳೆಯುವುದು ಹೆಂಗಸರ ಪಾಲು, ರುಜು ಹಾಕುವುದು ಮುಖ್ಯ ಕಸುಬುದಾರನಾದ ಉಸ್ತಾನ ಪಾಲು. ಯಾರು ಮಾಡಿದ ಕಟ್ಟಳೆಯೋ, ಮಾಡಿದವನಂತೂ ದಿನವಿಡೀ ಬಗ್ಗಿ ಕೂತು ಕತ್ತು ನೋಯಿಸಿಕೊಂಡವನಲ್ಲ.

ಈಗ ಕುಂಚವೂ ಮೂಲೆ ಸೇರಿತ್ತು. ಅವಳು ಬರೆದ ಕಾರ್ನೇಷನ್ ಹೂವನ್ನು ಕಂಪ್ಯೂಟರಿಗೆ ಹತ್ತಿಸಿ, ಯಂತ್ರದಿಂದ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಹೆಂಗಸರು ಕಾಗದವನ್ನು ನೀರಿನಲ್ಲಿ ನೆನೆಸಿ, ಜಾರಿಬಂದ ಹೂವನ್ನು ತಟ್ಟೆಗೆ ಕೂರಿಸಿ, ರಬ್ಬರಿನಿಂದ ಒತ್ತಿ ಗುಳ್ಳೆ ತೆಗೆದು ಭಟ್ಟಿಗೆ ಕಳಿಸಬೇಕು. ಫೆರ್ಹುಂದೆಗೂ ಒಂದು ರಬ್ಬರ್ ತುಂಡು ಕೊಟ್ಟಿದ್ದರು. ದಿನಕ್ಕೆ ಮುನ್ನೂರು ತಟ್ಟೆ. ಎಲ್ಲವೂ ಅವಳದೇ ಹೂವು, ಒಂದನ್ನೂ ಅವಳು ಬರೆದಿರಲಿಲ್ಲ. ಸಂಜೆಯ ಹೊತ್ತಿಗೆ ಬೆರಳೆಲ್ಲ ಸುಕ್ಕಾಗಿ, ಯಾರ ಮೇಲಾದರೂ ಸಿಟ್ಟಾಗುವಷ್ಟು ಶಕ್ತಿಯೂ ಉಳಿಯುತ್ತಿರಲಿಲ್ಲ.

ಆ ಮಂಗಳವಾರ ಮಾಲೀಕ ನೆಜ್ದೆತ್ ಬೇ ಅವಳನ್ನು ಕರೆಸಿದ.

"ಫೆರ್ಹುಂದೆ ಹಾನಮ್, ಈಗಿನ ಗಿರಾಕಿಗಳು ತಟ್ಟೆ ತಿರುಗಿಸಿ ನೋಡ್ತಾರೆ. ಹೂವು ಬರೆದೋರ ಹೆಸರು ಬೇಕಂತೆ. ನೀವು ಒಂದೇ ಒಂದು ಸಲ ರುಜು ಹಾಕಿಕೊಡಿ, ಮಿಕ್ಕಿದ್ದು ಯಂತ್ರ ನೋಡ್ಕೊಳ್ಳುತ್ತೆ. ನಲವತ್ತು ಸಾವಿರ ತಟ್ಟೆ!"

ಸುಳ್ಳೇಕೆ, ಬೇಕಿತ್ತು ಅವಳಿಗೆ. ಗಂಡನೆದುರೂ ಬಾಯಿಬಿಡದೆ ಇಷ್ಟು ವರ್ಷ ಆಸೆಪಟ್ಟಿದ್ದಳು.

ಅವಳನ್ನು ಅಬ್ಲಾ, ಅಂದರೆ ಅಕ್ಕ, ಎಂದೇ ಕರೆಯುವ ಯಂತ್ರದ ಹುಡುಗ ಇಲ್ಕರ್ ಒಂದು ಬಿಳಿ ತಟ್ಟೆ, ನೀಲಿ ಬಣ್ಣ, ಅವಳ ಹಳೆಯ ಕುಂಚ ತಂದಿಟ್ಟ.

"ಬರೀರಿ ಅಬ್ಲಾ. ಚಹಾ ಆರೋದ್ರೊಳಗೆ ಮುಗಿದುಹೋಗುತ್ತೆ."

ಅವಳು ತಟ್ಟೆ ಮಗುಚಿ, ಉಸಿರು ಬಿಗಿಹಿಡಿದು, ಒಂದೇ ಓಟಕ್ಕೆ ಬರೆದಳು. ಇಲ್ಕರ್ ಬಗ್ಗಿ ಓದಿದ.

"ಅಬ್ಲಾ, ಇದೇನಿದು? ರಾಸಿಮ್ ಉಸ್ತಾ ಅಂತ ಬರೆದಿದ್ದೀರಲ್ಲ!"

ನೋಡಿದರೆ ಹೌದು. ಬಾಲ ಎಳೆದ ಮೊದಲ ಅಕ್ಷರ, ಕೊನೆಯಲ್ಲೊಂದು ಚುಕ್ಕೆ. ನಾಲ್ಕು ವರ್ಷದ ಹಿಂದೆ ಸತ್ತವನ ರುಜು ತಟ್ಟೆಯ ಮೇಲೆ ಹಸಿಯಾಗಿ ಕೂತಿತ್ತು.

ಸಾಯುವ ಮುಂಚಿನ ಹನ್ನೊಂದು ವರ್ಷ ರಾಸಿಮ್ ಉಸ್ತಾನ ಕೈ ನಡುಗುತ್ತಿತ್ತು. ಹೂವು, ಎಲೆ, ಕಡೆಗೆ ಅವನ ರುಜುವನ್ನೂ ಅವಳೇ ಹಾಕುತ್ತಿದ್ದಳು. ಅವನು ಬಾಗಿಲು ಹಾಕಿಕೊಂಡು ಪಕ್ಕದಲ್ಲಿ ಸಿಗರೇಟು ಸೇದುತ್ತ "ನೀನೇ ನನ್ನ ಕೈ ಫೆರ್ಹುಂದೆ" ಅನ್ನುತ್ತಿದ್ದ. ಪಾಪ, ಅದನ್ನು ಹೊಗಳಿಕೆ ಅಂದುಕೊಂಡಿದ್ದಳು.

ಅಷ್ಟರಲ್ಲಿ ನೆಜ್ದೆತ್ ಬೇ ಒಳಗೆ ಬಂದ. "ಅರೆರೆ, ಉಸ್ತಾನದೇ! ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಹೇಗೆ ನಕಲು ಮಾಡಿದ್ರಿ?"

"ನಕಲಲ್ಲ ಬೇ. ನಿಮ್ಮ ಆಫೀಸಿನ ಗಾಜಿನ ಬೀರುವಿನಲ್ಲಿ ಇರೋ ಉಸ್ತಾನ ತಟ್ಟೆಗಳೂ ಇದೇ ಕೈಯವೇ."

ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಆಮೇಲೆ ವ್ಯಾಪಾರದ ಬುದ್ಧಿ ತಲೆಯೆತ್ತಿತು.

"ಹಾಗಾದ್ರೆ ಇದನ್ನೇ ಹಾಕಿಬಿಡೋಣ. ಉಸ್ತಾ ಅಂದ್ರೆ ಊರೆಲ್ಲ ಬಲ್ಲದು. ನಿಮ್ಮ ಕೈಗೆ ಒಳ್ಳೇದಾಗಲಿ ಹಾನಮ್."

"ಆಗಿದ್ದು ಸಾಕು," ಅಂದಳು ಫೆರ್ಹುಂದೆ. ಒದ್ದೆ ಸ್ಪಂಜು ತೆಗೆದುಕೊಂಡು ಎರಡೇ ಸಲ ಉಜ್ಜಿದಳು. ಉಸ್ತಾ ಹೋದ.

ಮತ್ತೆ ಕುಂಚ ಅದ್ದಿದಳು. ಶಾಲೆ ಬಿಟ್ಟ ಮೇಲೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಬರೆಯದ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಅಕ್ಷರ ಒಂದರ ಮೇಲೊಂದು ಬಿದ್ದವು. ಮಾಲೀಕ ಏನೋ ಹೇಳಹೊರಟವನು, ಗಾಜಿನ ಬೀರುವಿನ ಗುಟ್ಟು ಊರಿಗೆ ತಿಳಿದರೆ ಗತಿಯೇನೆಂದು ನೆನೆದು ಹಿಂದೆ ಸರಿದ. ಇಲ್ಕರ್ ಅವನ ಮುಖ ನೋಡದೆ ತಟ್ಟೆಯನ್ನು ಸ್ಕ್ಯಾನರಿಗೆ ಕೊಟ್ಟ. ಹೆಸರು ಪರದೆಯ ತುಂಬ ಸೊಟ್ಟಗೆ ಮೂಡಿತು.

"ಅಬ್ಲಾ, ಸ್ವಲ್ಪ ನೆಟ್ಟಗೆ ಮಾಡಲಾ? ಎರಡು ನಿಮಿಷದ ಕೆಲಸ."

"ಬೇಡ ಮಗಾ. ಅವರದ್ದು ಬರೆದೂ ಬರೆದೂ ಕೈ ಕೂತಿತ್ತು. ನಂದು ಕುಂಚದಲ್ಲಿ ಇವತ್ತೇ ಮೊದಲು. ಸೊಟ್ಟಗೇ ಇರಲಿ ಬಿಡು."

ಎಂಟು ದಿನದ ಮೇಲೆ ಹೆಸರು ಅಚ್ಚಾಗಿ ಅವಳ ಮೇಜಿಗೇ ಬಂತು. ಮೊದಲನೆಯದನ್ನು ನೀರಿಗೆ ಹಾಕಿದಾಗ ಕಣ್ಣು ತುಂಬಿತು. ತಟ್ಟೆಯ ಬೆನ್ನಿಗೆ ಕೂರಿಸಿ, ಗುಳ್ಳೆ ಉಳಿಯದಂತೆ ಮೆಲ್ಲಗೆ ಒತ್ತಿ, ಪಕ್ಕದವಳಿಗೂ ತೋರಿಸಿದಳು. ಆಮೇಲೆ ಎರಡನೆಯದು, ಮೂರನೆಯದು. ಮುನ್ನೂರನೆಯದರ ಹೊತ್ತಿಗೆ ಅದು ಯಾರ ಹೆಸರೆಂದು ಓದುವುದನ್ನೂ ಅವಳು ಬಿಟ್ಟಿದ್ದಳು.