ಸೊಟ್ಟಪ್ಪನ ಬಾಯಿ

ಭಾವನಿಗೆ ಮಣ್ಣು ಮುಕ್ಕಿಸಬೇಕು ಅಂತ ನಾನು ತೀರ್ಮಾನ ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ, ಅವರದೇ ಮನೆಯ ಸೋಫಾದ ಮೇಲೆ, ಅವರದೇ ಮನೆಯ ಕಾಫಿ ಕುಡಿಯುತ್ತಾ. ಕಾಫಿ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಮಾಡಿದವಳು ನನ್ನ ಓರಗಿತ್ತಿ, ಭಾವನಲ್ಲ.

ಭಾವ ಅಂದರೆ ನಮ್ಮವರ ಅಣ್ಣ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಬೆಳಗಿನಿಂದ ಸಂಜೆವರೆಗೆ ಇನ್ನೊಬ್ಬರ ಪಕ್ಕದಲ್ಲಿ ಕೂತು ತಪ್ಪು ಹುಡುಕುವುದೇ ಕೆಲಸ, ಮನೆಗೆ ಬಂದರೂ ಆ ಚಟ ಬಿಡುವುದಿಲ್ಲ. ಓರಗಿತ್ತಿ ತರಕಾರಿ ಹೆಚ್ಚುತ್ತಿದ್ದರೆ ಬಾಗಿಲಲ್ಲಿ ನಿಂತು 'ನಿಧಾನ, ನಿಧಾನ, ಈಗ ಎಡಕ್ಕೆ' ಅನ್ನುವ ಮನುಷ್ಯ. ಅಂಥವರು ಒಂದು ಆಟದ ಪೆಟ್ಟಿಗೆ ತಂದು ಟಿವಿ ಕೆಳಗೆ ಇಟ್ಟರು. ಕೈಯಲ್ಲಿ ಒಂದು ಬಿಳಿ ಕಡ್ಡಿ ಹಿಡಿದು ತೋಳು ಬೀಸಿದರೆ, ಟಿವಿಯೊಳಗಿನ ಗೊಂಬೆಯೂ ಬೀಸುತ್ತದೆ. ಟೆನಿಸ್ ಉಂಟು, ಬೌಲಿಂಗ್ ಉಂಟು, ಬಾಕ್ಸಿಂಗ್ ಉಂಟು. ಮನೆಯವರಿಗೆಲ್ಲ ಒಂದೊಂದು ಗೊಂಬೆ ಮಾಡಬಹುದು, ಕಣ್ಣು, ಮೂಗು, ಕೂದಲು, ಬಾಯಿ ಎಲ್ಲ ನಮಗೆ ಬೇಕಾದದ್ದನ್ನು ಆರಿಸಿಕೊಂಡು.

ಭಾವ ನನ್ನ ಗೊಂಬೆಗೆ 'ಇಸ್ತ್ರಿ ಪೆಟ್ಟಿಗೆ' ಅಂತ ಹೆಸರಿಟ್ಟಿದ್ದರು. ನಾನು ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನಮ್ಮವರ ಗೊಂಬೆ ಬಂತು. ಕನ್ನಡಕ ಸರಿಯಾಗಿತ್ತು, ಬೈತಲೆ ಸರಿಯಾಗಿತ್ತು. ಬಾಯಿ ಮಾತ್ರ ಎಡಗಡೆಗೆ ಜಾರಿ ಕೆನ್ನೆಯ ಕೆಳಗೆ ನೇತಾಡುತ್ತಿತ್ತು. ಹೆಸರು 'ಸೊಟ್ಟಪ್ಪ'.

ನಮ್ಮವರ ಕಥೆ ಇಷ್ಟು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಹೇಳುವ ಕೆಲಸ ಅವರದು. ಆ ದನಿಗೆ ಓಡುವ ಜನ ನಿಲ್ಲುತ್ತಿದ್ದರು, ನಿಂತ ಜನ ಓಡುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರೆಲ್ಲ ಒಂದೇ ಕಡೆಯಿಂದ ಅಂಗಿಯ ಮೇಲೆ ಸುರಿಯಿತು. ಅರ್ಧ ಮುಖಕ್ಕೆ ಲಕ್ವ ಹೊಡೆದಿತ್ತು. ಡಾಕ್ಟರು ತಾನಾಗಿ ಸರಿಹೋಗುತ್ತದೆ ಅಂದರು, ಸ್ವಲ್ಪ ಸರಿಹೋಯಿತು, ಉಳಿದದ್ದು ಹಾಗೇ ನಿಂತಿತು. ತುಟಿ ಕೂಡಿಸಿ ಆಡುವ ಮಾತು ಈಗಲೂ ಗಾಳಿಯಾಗಿ ಹೋಗುತ್ತದೆ. ಮೈಕು ಬೇರೆಯವರಿಗೆ ಹೋಯಿತು. ಇವರನ್ನು ಅದೇ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತು ಹೋದ ಛತ್ರಿ, ಚೀಲ ಕಾಯುವ ಕಿಟಕಿಯಲ್ಲಿ ಕೂರಿಸಿದರು.

ಸೊಟ್ಟಪ್ಪನನ್ನು ನೋಡಿ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರಗಿತ್ತಿ ನಗು ಬಂದರೂ ಸೆರಗಿನಲ್ಲಿ ಮುಚ್ಚಿಕೊಂಡಳು. ನಮ್ಮವರೂ ನಕ್ಕರು, ಅವರಿಗೆ ಬರುವ ಆ ಒಂದು ಪಕ್ಕದ ನಗು. ನನಗೆ ಮೈಯೆಲ್ಲ ಉರಿದುಹೋಯಿತು. ನಕ್ಕವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು, ನಗುವಂತೆ ಮಾಡಿದವರ ಮೇಲೆ ಬಂತು.

"ಭಾವ, ಆ ಬಾಯಿ ನೆಟ್ಟಗೆ ಮಾಡಿ" ಅಂದೆ.

"ಯಾಕಮ್ಮ, ತಮಾಷೆಗೆ ಮಾಡಿದ್ದಪ್ಪ. ಅವನಿಗೇ ಬೇಜಾರಿಲ್ಲ, ನಿನಗ್ಯಾಕೆ?"

"ನನಗೆ ಬೇಜಾರಿದೆ."

"ಹಾಗಾದ್ರೆ ಬಾಕ್ಸಿಂಗ್‌ನಲ್ಲಿ ನನ್ನ ಸೋಲಿಸು. ನಾನೇ ನನ್ನ ಕೈಯಾರೆ ನೆಟ್ಟಗೆ ಮಾಡ್ತೀನಿ. ಸೋತ್ರೆ?"

"ಸೋತ್ರೆ ನನ್ನ ಗೊಂಬೆಗೂ ಅದೇ ಬಾಯಿ ಹಚ್ಚಿ."

ಹುಬ್ಬೇರಿಸಿದರು. ನನ್ನ ಎರಡೂ ಕೈಗೆ ಒಂದೊಂದು ಕಡ್ಡಿ ಕೊಟ್ಟು, ತಾವೂ ಎರಡು ಹಿಡಿದು ಅಲ್ಲೇ ಒಂದು ಆಟ ಆಡಿಸಿಯೂ ಬಿಟ್ಟರು, 'ಇದು ಲೆಕ್ಕಕ್ಕಿಲ್ಲ, ಪಂದ್ಯ ಬರೋ ಭಾನುವಾರ, ಈಗ ಸುಮ್ಮನೆ ರುಚಿ ನೋಡು' ಅಂತ. ನಾನು ಒದ್ದೆ ಬೆಡ್‌ಶೀಟ್ ಝಾಡಿಸುವವಳ ಹಾಗೆ ಎರಡು ಕೈಯನ್ನೂ ತಲೆಯ ಮೇಲಿಂದ ಬೀಸಿದೆ. ಟೀಪಾಯಿಯ ಮೇಲಿದ್ದ ಬಿಸ್ಕತ್ತಿನ ತಟ್ಟೆ ಹಾರಿತು, ಇಸ್ತ್ರಿ ಪೆಟ್ಟಿಗೆ ಮಾತ್ರ ಇದ್ದಲ್ಲೇ ನಿಂತು ಆಕಾಶ ನೋಡುತ್ತಿತ್ತು. ಭಾವ ಸೋಫಾದಿಂದ ಏಳಲೂ ಇಲ್ಲ. ಮಣಿಕಟ್ಟನ್ನು ಒಂದಿಷ್ಟು ಅಲ್ಲಾಡಿಸಿದರು, ಅಷ್ಟಕ್ಕೇ ನಾನು ಅಂಗಾತ. "ಕ್ಲಚ್ ಬಿಡೋಕೆ ಮುಂಚೆ ಗೇರ್ ಹಾಕಬೇಕಮ್ಮ" ಅಂದರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ನಮ್ಮವರು "ಬಿಟ್ಟಾಕು" ಅಂದರು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಅವರು ಅನುಭವಿಸಿದ್ದಕ್ಕೆ ಅವರು ಸುಮ್ಮನಿರಬಹುದು, ನಾನ್ಯಾಕೆ ಸುಮ್ಮನಿರಬೇಕು? ಭಾವನ ನೀರಿಳಿಸದೆ ನನಗೆ ಅನ್ನ ಸೇರುವುದಿಲ್ಲ ಅಂತ ಆಗಿತ್ತು.

ಮಾರನೆಯ ದಿನ ಪಾಳಿ ಮುಗಿಸಿ, ಲಾಂಡ್ರಿಯ ಆವಿಗೆ ಇನ್ನೂ ಕೂದಲು ಅಂಟಿಕೊಂಡಿದ್ದಾಗಲೇ, ನೇರ ಓರಗಿತ್ತಿಯ ಮನೆಗೆ ಹೋದೆ. ಆ ಹೊತ್ತಿಗೆ ಭಾವ ಯಾರದೋ ಪಕ್ಕದಲ್ಲಿ ಕೂತು ರಿವರ್ಸ್ ಹೇಳಿಕೊಡುತ್ತಿರುತ್ತಾರೆ.

"ಅಕ್ಕ, ನನಗೆ ಆಡೋದು ಕಲಿಸು."

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು, ನನ್ನ ಹಿಂದಿದ್ದ ಬಾಗಿಲಿನ ಚಿಲಕ ಹಾಕಿ ಬಂದಳು. ಟೀಪಾಯಿಯನ್ನು ಗೋಡೆಗೆ ಒತ್ತಿ, ಸೆರಗು ಸಿಕ್ಕಿಸಿಕೊಂಡು ನಿಂತಾಗ ಗೊತ್ತಾಯಿತು, ಇವಳು ಗಂಡ ಮನೆಯಲ್ಲಿಲ್ಲದಾಗ ದಿನಾ ಆಡುತ್ತಾಳೆ ಅಂತ. ಅವಳ ಗೊಂಬೆ ಯಾರ ಮುಖಕ್ಕೆ ಗುದ್ದುತ್ತಿತ್ತು ಅಂತ ನಾನು ಕೇಳಲಿಲ್ಲ. ಟಿವಿಯಲ್ಲೇ ಕಾಣುತ್ತಿತ್ತು, ಭಾವನ 'ಗುರುಗಳು' ಎಂಬ ಗೊಂಬೆ.

"ಬೀಸಬೇಡ ಮಾರಾಯ್ತಿ, ಚುಚ್ಚು" ಅಂದಳು. "ಬಾಗಿಲು ತಟ್ಟೋ ಹಾಗೆ, ಚಿಕ್ಕದಾಗಿ. ಕೈ ಹೋದಷ್ಟೇ ಬೇಗ ವಾಪಸ್ ಬರಬೇಕು."

ವಾರವೆಲ್ಲ ಹಲ್ಲು ಕಚ್ಚಿಕೊಂಡು ಚುಚ್ಚಿದೆ. ಭುಜದ ಕೀಲು ಸಡಿಲವಾಯಿತು. ಲಾಂಡ್ರಿಯಲ್ಲಿ ದಿಂಬಿನ ಕವರುಗಳನ್ನು ಮಡಿಸುತ್ತಾ ಮಡಿಸುತ್ತಾ ಅವಕ್ಕೂ ಎರಡು ಗುದ್ದು ಕೊಟ್ಟೆ, ಜೊತೆಗೆ ನಿಂತಿದ್ದವಳು ಗಾಬರಿಯಾಗಿ ಅತ್ತ ಸರಿದಳು. ಇಷ್ಟೆಲ್ಲ ಆದರೂ ಒಂದು ಭಯ ಇದ್ದೇ ಇತ್ತು. ಭಾವನ ಕೈ ನನ್ನ ಕೈಗಿಂತ ಚುರುಕು, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ.

"ಗೆಲ್ಲೋಕಾಗಲ್ಲ ಅಕ್ಕ" ಅಂದೆ ಶನಿವಾರ.

ಓರಗಿತ್ತಿ ಕಡ್ಡಿ ಕೆಳಗಿಟ್ಟಳು. "ಅವರ ಕೈ ನೋಡಬೇಡ, ಕಾಲು ನೋಡು. ಗಾಡೀಲಿ ಅವರ ಕಡೆಗೂ ಒಂದು ಬ್ರೇಕ್ ಇರುತ್ತಲ್ಲ, ಕಲಿಯೋರು ಗುದ್ದೋಕೆ ಹೋದ್ರೆ ಇವರು ತುಳೀತಾರೆ. ಇಷ್ಟು ವರ್ಷ ತುಳಿದು ತುಳಿದು ಈಗ ಏನೇ ಮೈಮೇಲೆ ಬಂದ್ರೂ ಮೊದಲು ಹೋಗೋದು ಬಲಗಾಲು. ಕೈ ಅಲ್ಲಿಗೇ ನಿಂತುಬಿಡುತ್ತೆ. ಮಲಗಿದಾಗಲೂ ತುಳೀತಾರೆ, ನನ್ನ ಮೊಣಕಾಲ ಕೆಳಗೆ ನೋಡು, ಹೇಗೆ ನೀಲಿಗಟ್ಟಿದೆ."

ಅವಳು ಸೀರೆಯನ್ನು ತುಸು ಎತ್ತಿ ತೋರಿಸಿದಳು. ನಾನು ನಕ್ಕೆ, ಅವಳು ನಗಲಿಲ್ಲ. "ಒಂದೇ ಸಮನೆ ಮೈಮೇಲೆ ಹೋಗು. ಯೋಚನೆ ಮಾಡೋಕೆ ಬಿಡಬೇಡ" ಅಂದಳು.

ಭಾನುವಾರ ಬಂತು. ಭಾವ ಸೋಫಾದ ನಡುವೆ ಕಾಲು ಚಾಚಿ ಕೂತರು, ನಾನು ಜಮಖಾನದ ಮೇಲೆ ನಿಂತೆ. ನಮ್ಮವರು ಊಟದ ಮೇಜಿನ ಕುರ್ಚಿ ಎಳೆದುಕೊಂಡು ಬದಿಯಲ್ಲಿ ಕೂತಿದ್ದರು. ಗಂಟೆ ಹೊಡೆಯಿತು.

ಮೊದಲ ಸುತ್ತಿನಲ್ಲಿ ಭಾವನೇ ಮೇಲು. ಅವರ ಮಣಿಕಟ್ಟು ಅಲ್ಲಾಡಿದಾಗಲೆಲ್ಲ ನನ್ನ ಗೊಂಬೆಯ ತಲೆ ಹಿಂದಕ್ಕೆ ಹೋಗುತ್ತಿತ್ತು. "ಕನ್ನಡಿ ನೋಡಮ್ಮ, ಕನ್ನಡಿ ನೋಡು" ಅಂತ ಗೇಲಿ ಬೇರೆ. ಎರಡನೆಯ ಸುತ್ತಿಗೆ ನಾನು ಸೊಂಟ ಬಗ್ಗಿಸಿ ಮುಂದಕ್ಕೆ ನುಗ್ಗಿದೆ. ನುಗ್ಗಿದ ಕೂಡಲೇ ಸೋಫಾದ ಕೆಳಗೆ 'ಧಪ್' ಅಂತ ಸದ್ದಾಯಿತು. ಭಾವನ ಬಲಗಾಲು ನೆಲ ಒತ್ತಿ ಹಿಡಿದಿತ್ತು, ಕೈಗಳೆರಡೂ ಮಡಿಲಲ್ಲಿ ಬಿದ್ದಿದ್ದವು. ಚುಚ್ಚಿದೆ. ಮತ್ತೆ ನುಗ್ಗಿದೆ, ಮತ್ತೆ ಧಪ್, ಮತ್ತೆ ಚುಚ್ಚಿದೆ. ಗುರುಗಳ ಮುಖ ಎಡಕ್ಕೂ ಬಲಕ್ಕೂ ಓಲಾಡಿತು.

"ಏ, ಇದೇನಿದು, ಕಡ್ಡಿ ಕೆಟ್ಟಿದೆ!" ಅಂತ ಭಾವ ಎದ್ದು ನಿಂತರು. ನಿಂತ ಮೇಲೂ ಕಾಲು ಕೇಳಲಿಲ್ಲ. ಹೆದರಿದಾಗಲೆಲ್ಲ ಇಲ್ಲದ ಬ್ರೇಕನ್ನು ತುಳಿದರು, ಇಡೀ ಮನೆ ಅದುರುವ ಹಾಗೆ ತುಳಿದರು. ಅವರ ಗಾಡಿ ನಿಲ್ಲಲಿಲ್ಲ. ಇದು ನಮ್ಮವರ ಮೈಕಿಗೆ, ಇದು ಅಂಗಿಯ ಮೇಲೆ ಬಿದ್ದ ನೀರಿಗೆ, ಇದು ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಕ್ಕೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೊಡೆದೆ. ಮನಸ್ಸಿನಲ್ಲಲ್ಲ, ಬಾಯಿ ಬಿಟ್ಟೇ ಹೇಳಿದ್ದೆನಂತೆ, ಓರಗಿತ್ತಿ ಆಮೇಲೆ ಹೇಳಿದಳು. ಗುರುಗಳು ದಿಂಬು ಬಿದ್ದ ಹಾಗೆ ಬಿದ್ದರು. ಟಿವಿ ಹತ್ತರವರೆಗೆ ಎಣಿಸಿತು, ಅವರು ಏಳಲಿಲ್ಲ. ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

"ಮಾಡಿ ಭಾವ" ಅಂದೆ, ಏದುಸಿರು ಬಿಡುತ್ತಾ. "ಎಲ್ಲರ ಮುಂದೆ. ನಿಮ್ಮ ಕೈಯಾರೆ."

ಬ್ಯಾಟರಿ ವೀಕು ಅಂದರು, ಸೋಫಾ ಅಡ್ಡ ಬಂತು ಅಂದರು. ನಾನು ಅಲ್ಲಾಡಲಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡು ಗೊಂಬೆ ಮಾಡುವ ಜಾಗಕ್ಕೆ ಹೋದರು. ಸೊಟ್ಟಪ್ಪ ಟಿವಿ ತುಂಬ ಬಂದು ನಿಂತ. ಭಾವ ಅವನ ಬಾಯನ್ನು ಒಂದೊಂದೇ ಹೆಜ್ಜೆ ಬಲಕ್ಕೆ ತಳ್ಳಿದರು, ಮೇಲಕ್ಕೆತ್ತಿದರು, ನೇರ ಮಾಡಿದರು. ಕೊನೆಯ ತಳ್ಳುವಿಕೆಗೆ ಆ ಮುಖ ಥಟ್ಟನೆ ಬದಲಾಯಿತು. ಮೈಕಿನ ಮುಂದೆ ಕೂರುತ್ತಿದ್ದ ಮನುಷ್ಯ ಅಲ್ಲಿಂದ ನಮ್ಮನ್ನು ನೋಡಿ ಮುಗುಳ್ನಗುತ್ತಿದ್ದ.

"ಅಯ್ಯೋ, ಥೇಟ್ ಮೊದಲಿನ ಹಾಗೇ!" ಅಂದಳು ಓರಗಿತ್ತಿ.

ನನ್ನ ಕಣ್ಣು ತುಂಬಿ ಬಂತು. ನೋಡಿದಿರಾ ಅನ್ನುವ ಹಾಗೆ ನಮ್ಮವರ ಕಡೆ ತಿರುಗಿದೆ. ಅವರು ಟಿವಿ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ನನ್ನ ಮುಖ ನೋಡುವಾಗೆಲ್ಲ," ಅಂದರು. 'ಮುಖ' ಅನ್ನುವ ಮಾತು ಗಾಳಿಯಾಗಿ ಹೋಯಿತು, ಮತ್ತೊಮ್ಮೆ ಹೇಳಿದರು. "ನನ್ನ ಮುಖ ನೋಡುವಾಗೆಲ್ಲ ನೀನು ಹುಡುಕೋದು ಇವನನ್ನಾ?"

ಇಲ್ಲ ಅನ್ನಬೇಕಿತ್ತು. ದಿನಾ ಬೆಳಿಗ್ಗೆ ಅವರು ಎದ್ದಾಗ ನಾನು ಮೊದಲು ನೋಡುತ್ತಿದ್ದದ್ದು ಆ ತುಟಿಯ ಮೂಲೆಯನ್ನೇ, ಇವತ್ತಾದರೂ ಸ್ವಲ್ಪ ಮೇಲೆ ಬಂತಾ ಅಂತ. ಅದು ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ.

"ಅಣ್ಣ ನಕ್ಕ, ನಾನೂ ನಕ್ಕೆ, ಅಲ್ಲಿಗೆ ಮುಗೀತಿತ್ತು" ಅಂದರು. "ನೀನು ಒಂದು ವರ್ಷದಿಂದ ನನಗೋಸ್ಕರ ಅಳ್ತಿದ್ದೀಯ." ಆಮೇಲೆ ಭಾವನ ಕಡೆ ತಿರುಗಿದರು. "ಅಣ್ಣ, ಮತ್ತೆ ಸೊಟ್ಟ ಮಾಡು."

ಭಾವ ನನ್ನನ್ನು ನೋಡಿದರು. ಆಗಲಾದರೂ ಒಂದು ಗೇಲಿಯ ಮಾತಾಡಿದ್ದರೆ ನನ್ನ ಸಿಟ್ಟಿಗೊಂದು ದಾರಿಯಾಗುತ್ತಿತ್ತು. ಅವರು ಟಿವಿಯ ಕಡೆ ತಿರುಗಿ ಬಾಯನ್ನು ಮತ್ತೆ ಎಡಕ್ಕೆ ಎಳೆಯತೊಡಗಿದರು. "ಇಷ್ಟು ಸಾಕೇನೋ?" "ಇನ್ನೊಂಚೂರು ಕೆಳಗೆ." "ಈಗ?" "ಹ್ಞೂ, ಈಗ ನಾನೇ." ಅಣ್ಣ ತಮ್ಮ ಇಬ್ಬರೂ ಒಬ್ಬರ ಪಕ್ಕ ಒಬ್ಬರು ಕೂತು ಆ ಬಾಯನ್ನು ಸೊಟ್ಟ ಮಾಡುತ್ತಿದ್ದರೆ, ಗೆದ್ದ ನಾನು ಜಮಖಾನದ ಮೇಲೆ ನಿಂತೇ ಇದ್ದೆ. ಭಾವನ ಮೇಲಿನ ಸಿಟ್ಟು ಇಳಿಯಿತು ಅಂತ ಯಾರೂ ತಿಳಿಯಬಾರದು. ನಮ್ಮವರ ವಿಷಯದಲ್ಲಿ ನನಗೆ ತಿಳಿಯದ್ದು ಅವರಿಗೆ ತಿಳಿದಿತ್ತಲ್ಲ ಅಂತ ಇನ್ನಷ್ಟು ಹೆಚ್ಚಾಯಿತು.

ಆಗ ನಮ್ಮವರು ಭಾವನ ಕೈಯಿಂದ ಕಡ್ಡಿಗಳನ್ನು ತೆಗೆದುಕೊಂಡು ನನ್ನೆದುರು ಬಂದು ನಿಂತರು.

"ಬಾ. ಈಗ ನನ್ನ ಜೊತೆ."

ಗಂಟೆ ಹೊಡೆಯಿತು. ಮೊದಲನೆಯ ಗುದ್ದಿಗೇ ನನ್ನ ಗೊಂಬೆ ತತ್ತರಿಸಿತು. ಅವರು ಚುಚ್ಚಲಿಲ್ಲ, ಚಿಕ್ಕದಾಗಿ ಹೊಡೆಯಲಿಲ್ಲ, ಭುಜದಿಂದ ಎತ್ತಿ ಎತ್ತಿ ಹೊಡೆದರು. ಛತ್ರಿ ಕಿಟಕಿಯಲ್ಲಿ ಕೂತ ಅಷ್ಟೂ ದಿನ, ಮನೆಯಲ್ಲಿ ನಾನು ಅವರ ಮಾತನ್ನು ಅರ್ಧಕ್ಕೇ ಹಿಡಿದು ನಾನೇ ಮುಗಿಸುತ್ತಿದ್ದ ಅಷ್ಟೂ ಸಲ ಆ ಹೊಡೆತದಲ್ಲಿದ್ದವು. ಮುಯ್ಯಿ ತೀರಿಸುವುದು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ನನ್ನ ಕೈ ಕೆಳಗಿಳಿಯಿತು, ಹೊಡೆಯಲಿ, ಹೊಡೆದು ಹಗುರಾಗಲಿ ಅಂತ.

"ಕೈ ಎತ್ತು" ಅಂದರು. ದನಿ ಗದರಿದ ಹಾಗಿತ್ತು. "ನನ್ನ ಮುಖ ನೋಡಿ ಕೈ ಇಳಿಸಬೇಡ."

ಸಿಟ್ಟು ಬಂತು. ಅವರ ಮೇಲೇ ಬಂತು, ವರ್ಷದಲ್ಲಿ ಮೊದಲನೇ ಸಲ. ಏನೆಂದುಕೊಂಡಿದ್ದಾರೆ ಇವರು, ನಾನೇನು ಕಲ್ಲಾ? ಕೈ ಎತ್ತಿದೆ, ನುಗ್ಗಿದೆ, ಕಣ್ಣು ತಪ್ಪಿಸದೆ ಸೊಟ್ಟಪ್ಪನ ಬಾಯಿಗೇ, ಆ ಜೋತುಬಿದ್ದ ಮೂಲೆಗೇ, ನನ್ನ ಶಕ್ತಿಯೆಲ್ಲ ಹಾಕಿ ಗುದ್ದಿದೆ. ಸೊಟ್ಟಪ್ಪ ಮಕಾಡೆ ಬಿದ್ದ. ಟಿವಿ ಎಣಿಸಲು ಶುರು ಮಾಡಿತು. ನಮ್ಮವರು ನಗುತ್ತಿದ್ದರು, ಎಡಗಡೆಯಿಂದ ಜೊಲ್ಲು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಗೊಂಬೆಯನ್ನು ಎಬ್ಬಿಸಲು ಎರಡೂ ಕೈಯನ್ನು ಅಲ್ಲಾಡಿಸುತ್ತಾ. ಎಣಿಕೆ ಮುಗಿಯುವ ಮೊದಲೇ ಅವನು ಎದ್ದ, ನಾನು ಮತ್ತೆ ಹೊಡೆದೆ.