ರಕ್ತ ತೊಳೆಯದ ಮಿದುಳುಗಳು

ಪಾದರಸಕ್ಕೆ ಆವತ್ತು ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳ ಆ ಸ್ವಭಾವ ನೋಡಿಯೇ ಲ್ಯಾಬಿನವರು ಹಾಗೆ ಹೆಸರಿಟ್ಟಿದ್ದರು. ಆದರೆ ಆವತ್ತಿನ ಚಡಪಡಿಕೆ ಬೇರೆಯೇ. ಸಂಜೆ ಐದಕ್ಕೆ ಅವಳ ಗೈಡ್ ಮೇಡಂ ಅವಳ ಸಂಶೋಧನಾ ಲೇಖನವನ್ನು ಪತ್ರಿಕೆಗೆ ಕಳಿಸುವವರಿದ್ದರು. ಕಳಿಸಿದರೆ ಪಿಎಚ್‌ಡಿ ಮುಗಿದಂತೆಯೇ. ಮುಗಿದರೆ ಹಾಸಿಗೆ ಹಿಡಿದ ಅಮ್ಮನನ್ನು ಅವಳು ನೋಡಿಕೊಳ್ಳುವುದು, ನಾಲ್ಕು ವರ್ಷದಿಂದ ಒಬ್ಬಳೇ ಹೆಣಗುತ್ತಿರುವ ಅಕ್ಕ ಬೇರೆ ಊರಿನ ಕೆಲಸಕ್ಕೆ ಹೊರಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅಕ್ಕ ಆಗಲೇ ಎರಡು ಸಲ ಆ ಕೆಲಸವನ್ನು ಮುಂದಕ್ಕೆ ಹಾಕಿಸಿದ್ದಳು. ಮೂರನೇ ಸಲವೂ ಕಾಯಲು ಕೆಲಸ ಕೊಟ್ಟವರೇನು ಅವಳ ಸೋದರಮಾವಂದಿರಲ್ಲ.

ಲೇಖನದ ಜೀವವೆಲ್ಲ ಪರೀಕ್ಷೆಯ ಫಿಲ್ಮಿನ ಮೇಲೆ ಗೆರೆಯಂತೆ ಮೂಡಿದ ಒಂದು ಕಪ್ಪು ಪಟ್ಟಿಯಲ್ಲಿತ್ತು. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಜಾಗದಲ್ಲಿ ಒಂದು ಪ್ರೋಟೀನ್ ಇರುತ್ತದೆ. ಕಾಯಿಲೆಯ ಇಲಿಗಳ ಮಿದುಳಿನಲ್ಲಿ ಅದು ಹೆಚ್ಚಾಗುತ್ತದೆ ಎಂಬುದು ಅವಳ ಶೋಧ. ಆ ಪ್ರೋಟೀನನ್ನು ಹುಡುಕಿಕೊಟ್ಟದ್ದು ಒಂದು ಮಾನೋಕ್ಲೋನಲ್ ಆ್ಯಂಟಿಬಾಡಿ. ಸಾವಿರ ಪ್ರೋಟೀನುಗಳ ಜಂಗುಳಿಯಲ್ಲೂ ತನ್ನದೊಂದನ್ನೇ ಹಿಡಿಯುವ ಹಟಮಾರಿ ಅದು. ಆದರೆ ಅದು ಹಿಡಿದದ್ದು ಫಿಲ್ಮಿನ ಮೇಲೆ ಮೂಡಬೇಕಾದರೆ ಅದರ ಬೆನ್ನಿಗೆ ಎರಡನೆಯ ಆ್ಯಂಟಿಬಾಡಿಯೊಂದನ್ನು ಬಿಡಬೇಕು. ಈ ಎರಡನೆಯದಕ್ಕೆ ಅಷ್ಟು ವಿವೇಕವಿಲ್ಲ. ಮೊದಲನೆಯದು ತಯಾರಾದದ್ದು ಇಲಿಯಿಂದ. ಹಾಗಾಗಿ ಇಲಿಯ ಆ್ಯಂಟಿಬಾಡಿ ಎಲ್ಲಿ ಸಿಕ್ಕರೂ ಇದು ಹೋಗಿ ತಬ್ಬಿಕೊಳ್ಳುತ್ತದೆ. ಇಲಿಯ ರಕ್ತದಲ್ಲಂತೂ ಅಂಥವು ತುಂಬಿ ತುಳುಕುತ್ತಿರುತ್ತವೆ. ಅದಕ್ಕೇ ಮಿದುಳು ತೆಗೆಯುವ ಮುಂಚೆ ಪಂಪಿನಿಂದ ಉಪ್ಪುನೀರು ಹಾಯಿಸಿ ರಕ್ತವನ್ನೆಲ್ಲ ತೊಳೆಯುವುದು.

ಹಿಂದಿನ ದಿನ, ಲೇಖನದಲ್ಲಿ ಬರೆಯಲು ಮಿದುಳು ತೆಗೆದ ತಾರೀಕು ಕೇಳಲೆಂದು ಅವಳು ಇಲಿಮನೆಗೆ ಹೋಗಿದ್ದಳು. ಅಲ್ಲಿ ಇಲಿಗಳನ್ನು ಸಾಕುವ ಹಿರಿಯರಿಗೆ ಎಲ್ಲರೂ ಇಲಿಮಾವ ಎನ್ನುತ್ತಿದ್ದರು.

"ಕಾಯಿಲೆ ಇಲಿಗಳದ್ದಾ? ಆ ವಾರ ಪಂಪು ಕೆಟ್ಟಿತ್ತಲ್ಲಮ್ಮ," ಎಂದರು ಇಲಿಮಾವ. "ಹೇಗಾದ್ರೂ ಇವತ್ತೇ ಬೇಕು ಅಂತ ನೀನೇ ಕುಣಿದಿದ್ದೆ. ತೊಳೀದೆ ಹಾಗೇ ತೆಗೆದುಕೊಟ್ಟೆ."

"ಎಲ್ಲಾನೂ?"

"ಅಷ್ಟೂ."

ಆರೋಗ್ಯದ ಇಲಿಗಳ ಮಿದುಳನ್ನು ಪಂಪು ಸರಿಯಿದ್ದಾಗ ತೊಳೆದು ತೆಗೆದಿದ್ದರು. ಮೊದಲ ಆ್ಯಂಟಿಬಾಡಿ ಹಾಕದೆ, ಬರೀ ಎರಡನೆಯದನ್ನು ಹಾಕಿ ನೋಡುವ ಪರೀಕ್ಷೆಯನ್ನು ಅವಳು ಆ ತೊಳೆದ ಮಿದುಳುಗಳ ಮೇಲೆ ಮಾತ್ರ ಮಾಡಿದ್ದಳು. ಏನೂ ಮೂಡಿರಲಿಲ್ಲ. ಅದನ್ನೇ ನೆಚ್ಚಿಕೊಂಡು ನಾಲ್ಕು ವರ್ಷ ಕಳೆದಿದ್ದಳು, ಪುಣ್ಯಾತಗಿತ್ತಿ!

ಆವತ್ತು ಬೆಳಿಗ್ಗೆ ಬಂದವಳೇ ಕಾಯಿಲೆಯ ಇಲಿಗಳ ಮಿದುಳಿನ ಮೇಲೆ ಅದೇ ಪರೀಕ್ಷೆಗೆ ಕೂತಳು. ಕೂತಳು ಎನ್ನುವುದು ಮಾತಿಗೆ. ಗಂಟೆಗೆ ಹತ್ತು ಸಲ ಎದ್ದು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಸುತ್ತಿದಳು, ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ಮೂರು ಗಂಟೆಗೆ ಫಿಲ್ಮು ಬಂತು. ಪಟ್ಟಿ ಇತ್ತು. ಅದೇ ಜಾಗದಲ್ಲಿ, ಅಷ್ಟೇ ಕಪ್ಪಗೆ. ಹುಡುಕುವವನನ್ನು ಕಳಿಸದೆಯೇ ಸಿಕ್ಕಿತೆಂದರೆ ಸಿಕ್ಕಿದ್ದು ಇನ್ನೇನು? ಬರೀ ರಕ್ತ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ನನ್ನ ರಿಸಲ್ಟು ತಪ್ಪು."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾನೇ ನೋಡ್ದೆ. ಬೇರೆ ಯಾರಿಗೂ ಗೊತ್ತಿಲ್ಲ."

"ಮುಂದೆ ಗೊತ್ತಾಗುತ್ತಾ?"

"ಆಗದೇನೂ ಇರಬಹುದು."

"ಸರಿ ಮಾಡೋಕೆ ಎಷ್ಟು ದಿನ?"

"ಇನ್ನೊಂದು ವರ್ಷ."

ಆ ಕಡೆಯಿಂದ ಅಮ್ಮ ನೀರು ಬೇಕೆಂದು ಕೂಗಿದ್ದು ಕೇಳಿಸಿತು.

"ಮತ್ತೆ ನನಗ್ಯಾಕೆ ಹೇಳ್ದೆ?" ಎಂದಳು ಅಕ್ಕ. "ಮುಚ್ಚಿಡು ಅನ್ಲಿ ಅಂತಾನಾ, ಹೇಳಿಬಿಡು ಅನ್ಲಿ ಅಂತಾನಾ? ಎರಡೂ ನನ್ನ ಬಾಯಲ್ಲಿ ಬರಲ್ಲ ಕಣೇ. ಇಡು ಫೋನು."

ಪಾದರಸ ನಾಲ್ಕು ಮೆಟ್ಟಿಲು ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಫಿಲ್ಮನ್ನು ಹರಿದು ಬುಟ್ಟಿಗೆ ಹಾಕುವುದು ಅರೆ ನಿಮಿಷದ ಕೆಲಸ. ಇಲಿಮಾವನಿಗೆ ಪಂಪಿನ ಕಥೆ ಗೊತ್ತೇ ಹೊರತು ಪಟ್ಟಿಯ ಕಥೆ ಗೊತ್ತಿಲ್ಲ. ಮೇಡಂ ಕೋಣೆಯ ಬಾಗಿಲು ತಟ್ಟಿದಾಗಲೂ ಅವಳಿನ್ನೂ ನಿರ್ಧಾರ ಮಾಡಿರಲಿಲ್ಲ. ಒಳಗೆ ಹೋದ ಮೇಲೆ ಕೈ ತಾನಾಗಿ ಫಿಲ್ಮನ್ನು ಮುಂದೆ ಚಾಚಿತು.

ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಚೆನ್ನಾಗೇ ಬಂದಿದೆಯಲ್ಲ?"

"ಮೊದಲನೇ ಆ್ಯಂಟಿಬಾಡಿ ಹಾಕೇ ಇಲ್ಲ ಮೇಡಂ."

ಮೇಡಂ ಫಿಲ್ಮನ್ನು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ. "ಇದನ್ನ ನಾನೂ ಕೇಳಬೇಕಿತ್ತು," ಎಂದು ಗೊಣಗಿ, ಕಂಪ್ಯೂಟರಿನಲ್ಲಿ ಸಿದ್ಧವಾಗಿದ್ದ ಲೇಖನವನ್ನು ಮುಚ್ಚಿದರು. ಆಮೇಲೆ ಕೇಳಿದರು, "ಎಷ್ಟು ಟೈಮ್ ಬೇಕು?"

"ಒಂದು ವರ್ಷ ಮೇಡಂ," ಎಂದಳು ಅವಳು, ತನ್ನದೇ ಆದದ್ದನ್ನು ತೆಗೆದುಕೊಡುವವಳ ಹಾಗೆ. ಬಾಯಿಂದ ಮಾತು ಬಿದ್ದ ಮೇಲೆ ಹೊಳೆಯಿತು, ಕೊಟ್ಟದ್ದು ಅಕ್ಕನ ವರ್ಷ.