ಅಂಟು ಬಿಚ್ಚದ ಕವರು

ನನ್ನ ಮಗಳು ಟೈಲರ್. ತುಟಿಯೇ ಅವಳ ಮೂರನೆಯ ಕೈ. ನೆರಿಗೆ ಹಿಡಿಯುವಾಗ ಎರಡೂ ಕೈಗೆ ಬಿಡುವಿರುವುದಿಲ್ಲ. ಐದಾರು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಚುಚ್ಚುತ್ತಾಳೆ. ಎಷ್ಟು ಉಳಿದಿವೆ, ಯಾವುದರ ಮೊನೆ ಒಳಗಿದೆ ಎಂದು ತುಟಿಗೇ ತಿಳಿಯುತ್ತದೆ. ಅವಳು ಕೆಲಸ ಮಾಡುವ ಅಂಗಡಿಯ ಕಟಿಂಗ್ ಮಾಸ್ಟರ್‌ಗೆ ಹೋದ ವರ್ಷ ಬುದ್ಧಿಹಲ್ಲು ಕೀಳಿಸಿದ ಮೇಲೆ ಕೆಳತುಟಿ ಸತ್ತೇ ಹೋಯಿತು. ಕುಡಿದ ಟೀ ಗದ್ದಕ್ಕಿಳಿದರೂ ಪಾಪ, ಅವನಿಗೆ ಗೊತ್ತಾಗುವುದಿಲ್ಲ, ಎದುರಿಗಿದ್ದವರು ಹೇಳಬೇಕು. ಹಾಗಾಗಿ ಮಗಳಿಗೂ ಬುದ್ಧಿಹಲ್ಲು ಅಡ್ಡ ಬೆಳೆದು, ತಿಂಗಳಿಗೊಮ್ಮೆ ದವಡೆ ಊದಿಕೊಂಡು ಬಾಯಿ ತೆರೆಯಲಾಗದಂತೆ ಆದಾಗ ನಮ್ಮಿಬ್ಬರಿಗೂ ಇದ್ದ ಹೆದರಿಕೆ ಅದೊಂದೇ.

ಹಲ್ಲಿನ ಡಾಕ್ಟರು ಮೊದಲ ಸಲ ಚೆನ್ನಾಗಿಯೇ ಹೇಳಿದ್ದರು. ದವಡೆಯ ಎಕ್ಸ್-ರೇ ದೀಪಕ್ಕೆ ಹಿಡಿದು, "ನೋಡಿ ಅಜ್ಜಿ, ಈ ಎರಡು ಬಿಳಿ ಗೆರೆ ನಡುವೆ ತುಟಿಗೆ ಹೋಗೋ ನರ ಇದೆ. ಹಲ್ಲಿನ ಬೇರು ಅದರ ಮೇಲೇ ಬಿದ್ದ ಹಾಗೆ ಕಾಣ್ತಿದೆ. ಮುಟ್ಟಿದೆಯೋ, ಬರೀ ಪಕ್ಕದಲ್ಲಿದೆಯೋ ಇದ್ರಲ್ಲಿ ತಿಳಿಯಲ್ಲ. ಎಲ್ಲಾ ಕಡೆಯಿಂದ ತೋರಿಸೋ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ" ಅಂದಿದ್ದರು.

ಮಾಡಿಸಿದೆವು. ಅರ್ಧ ದಿನ ಕಾದ ಮೇಲೆ ಅಂಟಿಸಿದ ಕವರೊಂದು ಕೈಗೆ ಬಂತು. ಚೀಲದಲ್ಲಿಟ್ಟುಕೊಂಡೆ.

ಕೀಳುವ ದಿನ, ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಹೆಣ್ಣುಮಗಳು ತಲೆ ಎತ್ತದೆ, "ಸ್ಕ್ಯಾನ್ ಆಯ್ತಾ?" ಅಂದಳು. "ಆಯ್ತಮ್ಮ" ಅಂದೆ. ಕಾಗದದಲ್ಲಿ ಏನೋ ಗೀಚಿ, ಒಳಗೆ ಹೋಗಿ ಎಂದು ಕೈ ತೋರಿಸಿದಳು. ಕವರನ್ನು ಡಾಕ್ಟರೇ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಮಗಳನ್ನು ಕುರ್ಚಿಯಲ್ಲಿ ಒರಗಿಸಿದರು. ನರ್ಸು ಇಂಜೆಕ್ಷನ್ ತುಂಬಿಟ್ಟು ಒಪ್ಪಿಗೆ ಪತ್ರ ಚಾಚಿದಳು.

"ತಡಿ, ಓದಿ ನೋಡ್ತೀನಿ" ಅಂದೆ.

"ಅಮ್ಮಾ, ನೀನು ಓದಿ ಮುಗಿಸೋದ್ರಲ್ಲಿ ಹಲ್ಲು ತಾನಾಗೇ ಉದುರುತ್ತೆ."

"ಉದುರಲಿ ಬಿಡು, ಕೀಳೋ ಕಷ್ಟ ತಪ್ತು."

ನಾನು ಬೆರಳಿಟ್ಟು ಓದುವವಳು, ಒಂದು ಸಾಲೂ ಬಿಡುವುದಿಲ್ಲ. ನಾಲ್ಕನೆಯ ಸಾಲಿನಲ್ಲಿ, 'ಸ್ಕ್ಯಾನ್ ಪರಿಶೀಲಿಸಿ, ನರಕ್ಕಿರುವ ಅಪಾಯವನ್ನು ರೋಗಿಗೆ ವಿವರಿಸಲಾಗಿದೆ' ಎಂದಿತ್ತು. ಪಕ್ಕದಲ್ಲಿ ಆಗಲೇ ಟಿಕ್ಕು.

"ಡಾಕ್ಟ್ರೇ, ಸ್ಕ್ಯಾನ್ ನೋಡಿದ್ರಾ?"

"ನೋಡಿದೀನಿ ಅಜ್ಜಿ" ಅಂದರು, ಕೈಗವಸು ಎಳೆದುಕೊಳ್ಳುತ್ತ. "ನರ ದೂರ ಇದೆ. ಹತ್ತು ನಿಮಿಷದ ಕೆಲ್ಸ."

ನನಗೆ ಸಿಟ್ಟು ಸುಲಭಕ್ಕೆ ಬರುವುದಿಲ್ಲ. ಅತ್ತೆಯ ಬಾಯಿಗೇ ಇಪ್ಪತ್ತು ವರ್ಷ ಬಗ್ಗಿ ಬಾಳಿದವಳು. ಅವತ್ತು ಅಂಗಾಲಿನ ಉರಿ ನೆತ್ತಿಗೇರಿತು. ಚೀಲದಿಂದ ಕವರು ತೆಗೆದು ಇಕ್ಕಳದ ಪಕ್ಕದಲ್ಲೇ ಕುಕ್ಕಿದೆ.

"ಅಜ್ಜೀ, ಅದು ಕ್ಲೀನ್ ಮಾಡಿಟ್ಟಿರೋ ಟ್ರೇ!" ನರ್ಸು ಚೀರಿದಳು.

"ಟ್ರೇ ಕ್ಲೀನು, ಸರಿ. ಮಾತು? ಅಂಟು ಕೂಡ ಬಿಚ್ಚಿಲ್ಲ ನೋಡಿ. ಯಾವ ಕಣ್ಣಲ್ಲಿ ನೋಡಿದ್ರಿ?"

ಡಾಕ್ಟರು ಹೊರಗಿನವಳನ್ನು ಕೂಗಿದರು. ಅವಳು ಬಂದು, "ಸ್ಕ್ಯಾನ್ ತೆಗೆಸಿದ್ರೆ ನಾನು ಟಿಕ್ ಹಾಕ್ತೀನಿ ಸರ್, ನೋಡೋದು ನೀವಲ್ವಾ?" ಅಂದಳು. ಟಿಕ್ಕಿದ್ದರೆ ತಾನು ನೋಡಿಯಾಗಿದೆ ಎಂದೇ ಡಾಕ್ಟರ ಲೆಕ್ಕವಂತೆ. "ದಿನಕ್ಕೆ ಇಪ್ಪತ್ತು ದವಡೆ ನೋಡ್ತೀನಿ, ಎಲ್ಲಾ ನೆನಪಿರಲ್ಲ ಅಜ್ಜಿ" ಅಂದರು.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತೀರಾ?"

ಕೊನೆಗೆ ಕವರು ಹರಿದು, ಒಳಗಿದ್ದ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರು. ದವಡೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತ ತಿರುಗಿಸುತ್ತ ಅವರ ಮುಖ ಇಳಿಯಿತು. ನರ ಬೇರಿನ ಚಡಿಯೊಳಗೇ ಹಾದು ಹೋಗಿತ್ತು. ನಡುವೆ ಕೂದಲೆಳೆಯಷ್ಟೂ ಎಲುಬಿರಲಿಲ್ಲ.

"ಸ್ವಲ್ಪ ತಾಗಿದೆ" ಅಂದರು.

ಅಲ್ಲಿಯವರೆಗೆ ಸುಮ್ಮನಿರು ಎಂದು ನನ್ನ ಸೆರಗು ಜಗ್ಗುತ್ತಿದ್ದ ಮಗಳು ನೆಟ್ಟಗೆ ಎದ್ದು ಕೂತಳು.

"ಕಿತ್ತಿದ್ರೆ?"

"ತುಟಿ ಮರಗಟ್ಟಬಹುದಿತ್ತು. ಕೆಲವರಿಗೆ ಸರಿ ಹೋಗುತ್ತೆ. ಕೆಲವರಿಗೆ ಇಲ್ಲ."

"ಬೇರೆ ದಾರಿ ಇದ್ಯಾ?"

"ಹಲ್ಲಿನ ತಲೆ ಮಾತ್ರ ಕತ್ತರಿಸಿ ತೆಗೆದು, ಬೇರನ್ನ ಅಲ್ಲೇ ಬಿಡಬಹುದು. ಅದನ್ನ ಸರ್ಜನ್ ಮಾಡ್ಬೇಕು, ಚೀಟಿ ಬರ್ಕೊಡ್ತೀನಿ."

"ಚೀಟಿ ಆಮೇಲೆ." ಮಗಳು ಒಪ್ಪಿಗೆ ಪತ್ರ ಅವರ ಮುಂದಿಟ್ಟಳು. "ಆ ಟಿಕ್ ಹೊಡೆದುಹಾಕಿ, ಸ್ಕ್ಯಾನ್ ನೋಡದೇ ಕೀಳೋಕೆ ಹೊರಟಿದ್ದೆ ಅಂತ ನಿಮ್ಮ ಕೈಯಲ್ಲೇ ಬರೀರಿ."

"ಹಾಗೆಲ್ಲ ಬರೆಯೋಕಾಗಲ್ಲಮ್ಮ."

"ಹಾಗಾದ್ರೆ ನಾನು ಈ ಕುರ್ಚಿಯಿಂದ ಇಳಿಯಲ್ಲ. ಮುಂದಿನವರನ್ನ ನೆಲದ ಮೇಲೆ ಮಲಗಿಸ್ಕೊಳ್ಳಿ."

ಇಳಿಯಲಿಲ್ಲ. ನಾನೂ ಪಕ್ಕದ ಸ್ಟೂಲಿನಲ್ಲಿ ಕೂತೆ. ಕಾಯುವುದು ನನಗೆ ಹೊಸದಲ್ಲ. ಗೋಡೆ ಗಡಿಯಾರದಲ್ಲಿ ದೊಡ್ಡ ಮುಳ್ಳು ಅರ್ಧ ಸುತ್ತು ಬಂದ ಮೇಲೆ ಬರೆದರು, ಸಹಿಯನ್ನೂ ಹಾಕಿದರು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದೆ.

"ಸಮಾಧಾನ ಆಯ್ತಾ ಅಜ್ಜಿ?"

"ಇಲ್ಲ" ಅಂದೆ.

ಹೊರಗೆ ಬೆಂಚಿನ ಮೇಲೆ ಏಳು ಜನ ದವಡೆ ಹಿಡಿದು ಕೂತಿದ್ದರು. ಬಾಗಿಲನ್ನು ಪೂರ್ತಿ ತೆರೆದು, ಡಾಕ್ಟರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದೆ: "ಯಾರ್ಯಾರ ಸ್ಕ್ಯಾನ್ ಇನ್ನೂ ಚೀಲದಲ್ಲೇ ಇದೆ?"

ಮೂರು ಕೈ ಮೇಲೆದ್ದವು.